ಮುಳ್ಳು ತೋರಿಸಿದ 1500

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ಗರಿ ಪುಡಿ ಮಾಡಿಸೋಕೆ ಟ್ರ್ಯಾಕ್ಟರ್ ಕರೆದರೆ ಬಾಡಿಗೆ ಗಂಟೆ ಲೆಕ್ಕ. ಉಳುಮೆಗೆ ಎಕರೆ ಲೆಕ್ಕ ಹೇಳೋರು ಇದ್ದಾರೆ, ಗರಿಗೆ ಅದು ಆಗಲ್ಲ. ಒಬ್ಬರ ತೋಟದಲ್ಲಿ ಮೊನ್ನೆ ಮೊನ್ನೆ ಬಿದ್ದ ಗರಿ, ಇನ್ನೊಬ್ಬರ ಬದುವಿನ ಮೇಲೆ ಎರಡು ವರ್ಷದ ರಾಶಿ. ಆದ್ದರಿಂದ ಡ್ಯಾಶ್‌ಬೋರ್ಡ್‌ನಲ್ಲಿರುವ ಆ ಗುಂಡು ಮೀಟರ್ ನಮ್ಮೂರಲ್ಲಿ ಅಂಗಡಿಯ ತಕ್ಕಡಿ ಇದ್ದ ಹಾಗೆ. ಅದನ್ನು ನೋಡಿಯೇ ದುಡ್ಡು ಕೈ ಬದಲಾಗೋದು.

ಗರಿ ಎಷ್ಟಾಗುತ್ತೆ ಅಂತ ಊರು ಬಿಟ್ಟವರಿಗೆ ಮರೆತಿರಬಹುದು. ಫಸಲಿಗೆ ಬಂದ ಒಂದು ಮರ ತಿಂಗಳಿಗೆ ಹೆಚ್ಚುಕಮ್ಮಿ ಒಂದು ಗರಿ ಉದುರಿಸುತ್ತೆ. ಎಕರೆಗೆ 70 ಮರ ಹಿಡಿದರೆ ವರ್ಷಕ್ಕೆ 800ಕ್ಕೂ ಮೇಲೆ. ಮೊದಲು ಅರ್ಧ ಒಲೆಗೆ, ಸ್ವಲ್ಪ ಚಪ್ಪರಕ್ಕೆ ಹೋಗ್ತಿತ್ತು, ಮಿಕ್ಕಿದ್ದಕ್ಕೆ ತೋಟದ ಮೂಲೇಲಿ ಬೆಂಕಿ. ಈಗ ಗ್ಯಾಸ್ ಬಂದಿದೆ, ಚಪ್ಪರಕ್ಕೆ ಶಾಮಿಯಾನ ಬಂದಿದೆ. ಪುಡಿ ಮಾಡಿ ಮರದ ಬುಡಕ್ಕೆ ಹಾಸಿದರೆ ತೇವ ನಿಲ್ಲುತ್ತೆ, ಮಣ್ಣಿಗೂ ಒಳ್ಳೇದು. ಹಾಗಾಗಿ ಗರಿ ಪುಡಿ ಮಾಡೋ ಯಂತ್ರಕ್ಕೆ ಕೆಲಸ ಇದೆ. ಅದು ಓಡೋದು ಟ್ರ್ಯಾಕ್ಟರಿನ ಹಿಂಭಾಗದಲ್ಲಿ ತಿರುಗೋ ಪಿಟಿಒ ಶಾಫ್ಟ್‌ನಿಂದ.

ನೊಣವಿನಕೆರೆ ಹತ್ತಿರ ನಮ್ಮ ಚಿಕ್ಕಪ್ಪನದು ಇದೇ ಬಾಡಿಗೆ. ಟ್ರ್ಯಾಕ್ಟರು ಹಳೇದು. ಅವರಿಗೆ ಮೊಣಕಾಲು ನೋವು ಶುರುವಾದ ಮೇಲೆ ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ಹುಡುಗನನ್ನು ಡ್ರೈವರ್ ಆಗಿ ಇಟ್ಟುಕೊಂಡಿದ್ದಾರೆ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ಮಾತು ಕಮ್ಮಿ. ಎರಡು ತಿಂಗಳಿಂದ ಫೋನ್ ಮಾಡಿದಾಗಲೆಲ್ಲ ಚಿಕ್ಕಪ್ಪನದು ಒಂದೇ ದೂರು.

"ಈ ಹುಡ್ಗ ಮರದ ಕೆಳಗೆ ಗಾಡಿ ನಿಲ್ಲಿಸ್ಕಂಡು ಫೋನ್ ನೋಡ್ತಾನೆ ಕಣವ್ವ. ಇಲ್ದಿದ್ರೆ ಎರಡೂವರೆ ಗಂಟೆ ಕೆಲ್ಸ ಮೂರು ಗಂಟೆ ಮೇಲೆ ಹೆಂಗ್ ಹೋಗ್ತೈತೆ? ಪಕ್ಕದ ತೋಟದ ಅಜ್ಜಿ ಮೊನ್ನೆ ಮುಖದ ಮೇಲೇ ಕೇಳುದ್ಲು, ಏನಪ್ಪ ನಿನ್ ಗಂಟೆ ಉದ್ದ ಆಗೈತಲ್ಲ ಅಂತ."

ಅಜ್ಜಿ ಕೇಳಿದ್ದು ಅವರಿಗೆ ನಾಟಿತ್ತು. ಮೂವತ್ತು ವರ್ಷ ಈ ಸುತ್ತಿನಲ್ಲಿ ಬಾಡಿಗೆ ಹೊಡೆದವರು, ಲೆಕ್ಕದಲ್ಲಿ ಮೋಸ ಅನ್ನೋ ಮಾತು ಕೇಳಿದವರಲ್ಲ. ತಿಂಗಳ ಕೊನೆಗೆ ಹುಡುಗನ ಲೆಕ್ಕ ಚುಕ್ತಾ ಮಾಡಿ ಕಳಿಸಿಬಿಡ್ತೀನಿ ಅಂದರು.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿ ಇರೋಳು. ಏನಾದರೂ ಕೆಟ್ಟರೆ ನಾವು ಕೇಳೋ ಮೊದಲ ಪ್ರಶ್ನೆ, ಕೆಡೋಕೆ ಮುಂಚೆ ಏನು ಬದಲಾಯಿತು ಅಂತ. ಅದನ್ನೇ ಕೇಳಿದೆ. ಚಿಕ್ಕಪ್ಪ ಸ್ವಲ್ಪ ಯೋಚಿಸಿ, "ಏನೂ ಇಲ್ಲವ್ವ, ಆಲ್ಟರ್ನೇಟರ್ ಒಂದು ಹೊಸದು ಹಾಕ್ಸಿದ್ದು, ಅಷ್ಟೇ" ಅಂದರು. ಬ್ಯಾಟರಿ ಚಾರ್ಜ್ ಮಾಡೋ ಭಾಗಕ್ಕೂ ಗರಿ ಪುಡಿಯಾಗೋದಕ್ಕೂ ಏನು ಸಂಬಂಧ ಅಂತ ಅವರಿಗೆ ಅನಿಸಿದ್ದು ಸಹಜ. ಸಂಬಂಧ ಇತ್ತು, ಅದು ಆ ಗುಂಡು ಮೀಟರಿನ ಬೆನ್ನ ಹಿಂದಿತ್ತು.

ಆರ್‌ಪಿಎಂ ಮೀಟರ್, ಅಂದರೆ ಟ್ಯಾಕೋಮೀಟರ್, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅಂತ ತೋರಿಸುತ್ತೆ. ಹಳೇ ಕಾಲದ್ದಕ್ಕೆ ಎಂಜಿನ್‌ನಿಂದಲೇ ಒಂದು ಕೇಬಲ್ ಬರ್ತಿತ್ತು. ಕೇಬಲ್ ತುದೀಲಿ ಒಂದು ಆಯಸ್ಕಾಂತ, ಅದನ್ನು ಸುತ್ತುವರಿದು ಮುಟ್ಟದ ಹಾಗೆ ಅಲ್ಯೂಮಿನಿಯಂ ಬಟ್ಟಲು. ಆಯಸ್ಕಾಂತ ತಿರುಗಿದಂತೆ ಬಟ್ಟಲೂ ಜತೆಗೆ ಎಳೆದುಕೊಂಡು ಹೋಗಲು ನೋಡುತ್ತೆ, ಕೂದಲಿನಷ್ಟು ತೆಳು ಸ್ಪ್ರಿಂಗ್ ಅದನ್ನು ಹಿಡಿದು ನಿಲ್ಲಿಸುತ್ತೆ, ಮುಳ್ಳು ಎರಡರ ನಡುವೆ ಎಲ್ಲೋ ನಿಲ್ಲುತ್ತೆ. ವೇಗ ಅಳೆಯೋ ಈ ಉಪಾಯಕ್ಕೆ 1902ರಲ್ಲಿ ಒಟ್ಟೊ ಶುಲ್ಜೆ ಅನ್ನೋರು ಪೇಟೆಂಟ್ ತಗೊಂಡಿದ್ದರು. ತುಮಕೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಕಾಲದಲ್ಲಿ ಕೆಲಸ ಮಾಡಿದವರಿಗೆ ಆ ಕೂದಲು ಸ್ಪ್ರಿಂಗ್ ಏನು ಅಂತ ಹೇಳಿಕೊಡಬೇಕಿಲ್ಲ.

ಆ ಕೇಬಲ್ ಮೀಟರ್‌ಗಳ ಗಂಟೆ ಎಣಿಕೆಯಲ್ಲಿ ಒಂದು ಸ್ವಾರಸ್ಯ ಇತ್ತು. ಅವುಗಳಲ್ಲಿ ಎಷ್ಟೋ ಮೀಟರ್ ಗಡಿಯಾರದ ಗಂಟೆ ಎಣಿಸ್ತಿರಲಿಲ್ಲ, ಎಂಜಿನ್ನಿನ ಸುತ್ತು ಎಣಿಸ್ತಿದ್ದವು. ನಿಗದಿತ ವೇಗದಲ್ಲಿ ಒಂದು ಗಂಟೆ ಓಡಿದರೆ ಒಂದು ಗಂಟೆ ಬೀಳುತ್ತೆ. ಸುಮ್ಮನೆ ಐಡಲ್‌ನಲ್ಲಿ ಬಿಟ್ಟರೆ ಅರ್ಧವೂ ಬೀಳಲ್ಲ. ಬಾಡಿಗೆ ಕೊಡೋನಿಗೆ ಅದು ನ್ಯಾಯ. ಚಿಕ್ಕಪ್ಪನ ಟ್ರ್ಯಾಕ್ಟರಿನದು ಆಮೇಲಿನ ಕಾಲದ ಎಲೆಕ್ಟ್ರಾನಿಕ್ ಮೀಟರ್. ಗಂಟೆ ಗಡಿಯಾರದ್ದೇ, ಎಂಜಿನ್ ನಿಧಾನ ಓಡಿದರೂ ಜೋರು ಓಡಿದರೂ ಅರವತ್ತು ನಿಮಿಷಕ್ಕೆ ಒಂದು. ವೇಗ ತೋರಿಸೋ ಮುಳ್ಳಿಗೆ ಮಾತ್ರ ಸುದ್ದಿ ಹೋಗೋದು ಆಲ್ಟರ್ನೇಟರಿನಿಂದ.

ಆಲ್ಟರ್ನೇಟರ್ ಒಳಗೆ ಹುಟ್ಟೋದು ಎಸಿ ಕರೆಂಟು. ಡಯೋಡ್ ದಾಟಿ ಅದು ಡಿಸಿ ಆಗಿ ಬ್ಯಾಟರಿಗೆ ಹೋಗುತ್ತೆ. ಡಯೋಡಿಗೆ ಮುಂಚೆಯೇ ಒಂದು ತಂತಿ ಹೊರಗೆ ತೆಗೆದಿರ್ತಾರೆ, ಆ ಟರ್ಮಿನಲ್ ಮೇಲೆ ‘ಡಬ್ಲ್ಯೂ’ ಅಂತ ಇರುತ್ತೆ. ಅಲ್ಲಿ ಕರೆಂಟು ಏರಿ ಇಳಿಯೋ ಪ್ರತಿ ಸಲವೂ ಒಂದು ಮಿಡಿತ. ಮೀಟರ್ ಸೆಕೆಂಡಿಗೆ ಎಷ್ಟು ಮಿಡಿತ ಬಂತು ಅಂತ ಎಣಿಸಿ ಮುಳ್ಳನ್ನು ಅಷ್ಟು ತಳ್ಳುತ್ತೆ. ಅದಕ್ಕೆ ಎಂಜಿನ್ನೂ ಗೊತ್ತಿಲ್ಲ, ಟ್ರ್ಯಾಕ್ಟರೂ ಗೊತ್ತಿಲ್ಲ. ಇಷ್ಟು ಮಿಡಿತಕ್ಕೆ ಒಂದು ಸುತ್ತು ಅಂತ ಯಾರೋ ಕಾರ್ಖಾನೇಲಿ ಹೇಳಿಕೊಟ್ಟಿದ್ದಾರೆ, ಅದನ್ನೇ ಒಪ್ಪಿಸುತ್ತೆ.

ಈ ಮೀಟರ್‌ಗೆ ಹೇಳಿಕೊಟ್ಟಿದ್ದ ಲೆಕ್ಕ ಹೀಗೆ. ಆಲ್ಟರ್ನೇಟರಿನಲ್ಲಿ 12 ಪೋಲ್, ಅಂದರೆ ಅದರ ಒಂದು ಸುತ್ತಿಗೆ 6 ಮಿಡಿತ. ಎಂಜಿನ್ ಕಡೆಯ ಪುಲ್ಲಿ 150 ಮಿಲಿಮೀಟರ್, ಹಳೇ ಆಲ್ಟರ್ನೇಟರಿನ ಪುಲ್ಲಿ 75. ಎಂಜಿನ್ ಒಂದು ಸುತ್ತು ಬಂದರೆ ಆಲ್ಟರ್ನೇಟರ್ ಎರಡು. ಒಟ್ಟು 12 ಮಿಡಿತ. ಹೊಸ ಆಲ್ಟರ್ನೇಟರ್ ಅದೇ ವೋಲ್ಟು, ಅದೇ 12 ಪೋಲ್, ಡಬ್ಲ್ಯೂ ತಂತಿಯನ್ನೂ ಎಲೆಕ್ಟ್ರಿಷಿಯನ್ ಸರಿಯಾಗೇ ಕೊಟ್ಟಿದ್ದಾರೆ. ಆದರೆ ಅದರ ಪುಲ್ಲಿ 60 ಮಿಲಿಮೀಟರ್. ಎಂಜಿನ್ನಿನ ಒಂದು ಸುತ್ತಿಗೆ ಅದು ಎರಡೂವರೆ ಸುತ್ತು ಬರುತ್ತೆ, 15 ಮಿಡಿತ ಕಳಿಸುತ್ತೆ. ಮೀಟರ್ ಇನ್ನೂ ಹನ್ನೆರಡಕ್ಕೆ ಒಂದು ಅಂತಲೇ ಎಣಿಸ್ತಿದೆ.

ಪುಲ್ಲಿ ಅಳತೆ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬ್ಯಾಟರಿ ಚಾರ್ಜ್ ಆಗ್ತಿತ್ತು, ಲೈಟು ಉರೀತಿತ್ತು, ಮುಳ್ಳು ಆಡ್ತಿತ್ತು. ಗ್ಯಾರೇಜಿನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು.

ಈಗ ಆ ಹುಡುಗನ ಜಾಗದಲ್ಲಿ ಕೂತು ನೋಡಿ. ಇಂಥ ಪಿಟಿಒ ಯಂತ್ರಗಳು ಹೆಚ್ಚಾಗಿ 540 ಸುತ್ತಿಗೆ ಅಂತ ಮಾಡಿರೋದು. ಅಮೆರಿಕದ ಕೃಷಿ ಎಂಜಿನಿಯರುಗಳು 1927ರಲ್ಲಿ ಒಪ್ಪಿದ ಆ ಅಳತೆಯ ವಂಶದ್ದೇ ಇವತ್ತು ನೊಣವಿನಕೆರೆಯಲ್ಲೂ ನಡೀತಿರೋದು. ಯಾವ ಎಂಜಿನ್ ವೇಗಕ್ಕೆ ಪಿಟಿಒ 540 ಬರುತ್ತೆ ಅನ್ನೋದು ಒಂದೊಂದು ಮಾಡೆಲ್‌ಗೆ ಒಂದೊಂದು. ಚಿಕ್ಕಪ್ಪನ ಗಾಡೀಲಿ ಅದು 1500, ಮೀಟರ್ ಮುಖದ ಮೇಲೆ ಅಲ್ಲೇ ಒಂದು ಗೆರೆ ಇದೆ. ಕೆಲಸ ಕಲಿಸುವಾಗ ಚಿಕ್ಕಪ್ಪನೇ ಹೇಳಿದ್ದು, ಮುಳ್ಳು ಗೆರೆ ಮೇಲೆ ಇಡು, ಬೇರೆ ಏನೂ ನೋಡಬೇಡ ಅಂತ. ಹುಡುಗ ಹಾಗೇ ಇಟ್ಟ. ಮುಳ್ಳು 1500 ಅಂದಾಗ ಎಂಜಿನ್ ಓಡ್ತಿದ್ದುದು 1200ರಲ್ಲಿ, ಶಾಫ್ಟ್ 432ರಲ್ಲಿ. ಐದರಲ್ಲಿ ಒಂದು ಪಾಲು ವೇಗ ಹೋಯಿತು. ಗರಿಯ ನಾರು ಕತ್ತರಿಸೋ ಬದಲು ಬ್ಲೇಡಿಗೆ ಸುತ್ತಿಕೊಳ್ಳುತ್ತೆ, ಎಡೆಮಟ್ಟೆ ಹಾಕಿದಾಗ ಯಂತ್ರ ಉಸಿರು ಕಟ್ಟುತ್ತೆ, ನಿಲ್ಲಿಸಿ ಬಿಡಿಸಬೇಕು. ಗಡಿಯಾರದ ಗಂಟೆ ಮಾತ್ರ ನಿಲ್ಲದೆ ಓಡುತ್ತೆ.

ಇದೆಲ್ಲ ಕಾಗದದ ಮೇಲಿನ ಲೆಕ್ಕ. ಚಿಕ್ಕಪ್ಪನ ಮುಂದೆ ಇಡೋಕೆ ಕಣ್ಣಿಗೆ ಕಾಣೋ ಸಾಕ್ಷಿ ಬೇಕಿತ್ತು. ಬೆಳಕು ಬಿಟ್ಟು ಸುತ್ತು ಎಣಿಸೋ ಕೈಮೀಟರ್ ಎಸ್‌ಪಿ ರೋಡ್‌ನಲ್ಲಿ ಸಿಗುತ್ತೆ, ತಿರುಗೋ ಭಾಗಕ್ಕೆ ಒಂದು ಚೂರು ಹೊಳೆಯೋ ಟೇಪ್ ಅಂಟಿಸಿ ದೂರದಿಂದ ಹಿಡಿದರೆ ಸಾಕು. ಆದರೆ ಅದಕ್ಕಿಂತ ಮುಂಚೆ ನಿಮ್ಮ ಕೈಯಲ್ಲೇ ಇರೋ ಫೋನ್ ಸಾಕಾಗುತ್ತೆ. ಇದು ಯಾರು ಬೇಕಾದರೂ ಮಾಡಬಹುದಾದ್ದು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ.

540 ಸುತ್ತು ಅಂದರೆ ಸೆಕೆಂಡಿಗೆ 9. ಕಣ್ಣಿಗೆ ಎಣಿಸೋಕೆ ಆಗಲ್ಲ. ಫೋನ್‌ನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆದು 30ರಂತೆ ತೋರಿಸಿದರೆ ಎಲ್ಲವೂ ಎಂಟು ಪಟ್ಟು ನಿಧಾನ. ನಿಮ್ಮ ಫೋನ್‌ನಲ್ಲಿ 120 ಮಾತ್ರ ಇದ್ದರೆ ನಾಲ್ಕು ಪಟ್ಟು, ಸೆಟ್ಟಿಂಗ್‌ನಲ್ಲಿ ಮೊದಲು ನೋಡಿಕೊಳ್ಳಿ. ಎಂಜಿನ್ ಬಂದ್ ಇದ್ದಾಗ ಶಾಫ್ಟ್ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದೆವು. ಯಂತ್ರ ಬಿಚ್ಚಿ ಪಕ್ಕಕ್ಕಿಟ್ಟು ಬರೀ ಶಾಫ್ಟ್ ತಿರುಗಿಸಿದ್ದು. ನಾನು ದುಪಟ್ಟಾ ತೆಗೆದಿಟ್ಟು, ಕೂದಲು ಗಂಟು ಹಾಕಿ, ಹತ್ತು ಅಡಿ ದೂರದಿಂದ ಜೂಮ್ ಮಾಡಿ ತೆಗೆದೆ. ಇದನ್ನು ಹಗುರವಾಗಿ ತಗೋಬೇಡಿ. ಸೆಕೆಂಡಿಗೆ ಒಂಬತ್ತು ಸಲ ತಿರುಗೋ ಶಾಫ್ಟ್ ಪಂಚೆಯ ಅಂಚು ಹಿಡಿದರೆ ಮನುಷ್ಯ ಕೈ ಬಿಡಿಸಿಕೊಳ್ಳೋಷ್ಟು ಸಮಯ ಕೊಡಲ್ಲ. ಎಷ್ಟೋ ಗಾಡಿಗಳಲ್ಲಿ ಶಾಫ್ಟಿನ ಮೇಲಿನ ಕವರ್ ತೆಗೆದು ಎಸೆದಿರ್ತಾರೆ, ಅದು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತೆ.

ಹುಡುಗ ಮುಳ್ಳನ್ನು ಗೆರೆ ಮೇಲೆ ತಂದು ನಿಲ್ಲಿಸಿದ. ಐದು ಸೆಕೆಂಡಿನ ವಿಡಿಯೊ ನಲವತ್ತು ಸೆಕೆಂಡಾಗಿ ಓಡಿತು. ಸುಣ್ಣದ ಗೆರೆ 45 ಸಲ ಬರಬೇಕಿತ್ತು. ಚಿಕ್ಕಪ್ಪ ಜಗಲಿ ಮೇಲೆ ಕೂತು ಕೊಬ್ಬರಿ ಎಣಿಸೋ ಹಾಗೆ ಬೆರಳು ಮಡಿಸುತ್ತಾ ಎಣಿಸಿದರು. 36ಕ್ಕೆ ನಿಂತಿತು. ಇನ್ನೊಂದು ಸಲ ಹಾಕು ಅಂದರು, ಮತ್ತೆ 36.

ಆಮೇಲೆ ಎದ್ದು ಟ್ರ್ಯಾಕ್ಟರ್ ಹತ್ತಿರ ಹೋದರು. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂತ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಉಂಡೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಹೇಳೋ ಕಿವಿ ಅವರದು. ಎರಡು ತಿಂಗಳಿಂದ ಅವರು ಗಾಡಿ ಜತೆ ತೋಟಕ್ಕೇ ಹೋಗಿರಲಿಲ್ಲ. ಸ್ವಲ್ಪ ಹೊತ್ತು ಕೇಳಿ, "ಸದ್ದು ಸೋತೈತೆ" ಅಂದರು. ಹುಡುಗ ಮೊದಲ ಸಲ ಬಾಯಿ ಬಿಟ್ಟ.

"ನಾನೂ ಅಂದ್ಕಂಡೆ ಅಕ್ಕ, ಎಡೆಮಟ್ಟೆ ಹಾಕುದ್ರೆ ಎಳೀತಾ ಇಲ್ಲ ಅಂತ. ಮೀಟ್ರು ಸರಿ ತೋರ್ಸ್ತೈತಲ್ಲ, ಅದುಕ್ಕೆ ಬ್ಲೇಡ್ ಮೊಂಡಾಗೈತೆ ಅಂತ ಎರಡು ಸತಿ ಸಾಣೆ ಹಿಡಿಸ್ದೆ. ನನ್ ದುಡ್ಡಲ್ಲೇ."

ಸಾಣೆ ವಿಷಯ ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ.

ಸರಿ ಮಾಡೋಕೆ ದಾರಿ ಮೂರ್ನಾಲ್ಕು ಇವೆ. ಕೆಲವು ಮೀಟರ್‌ಗಳ ಹಿಂದೆ ರಬ್ಬರ್ ಮುಚ್ಚಳದ ಕೆಳಗೆ ಸಣ್ಣ ಸ್ಕ್ರೂ ಅಥವಾ ಸ್ವಿಚ್‌ಗಳಿರುತ್ತವೆ, ಅದನ್ನು ತಿರುಗಿಸಿ ಹೊಸ ಮಿಡಿತದ ಲೆಕ್ಕ ಹೇಳಿಕೊಡಬಹುದು. ಎಂಜಿನ್ನಿನ ಫ್ಲೈವೀಲ್ ಹಲ್ಲುಗಳ ಎದುರು ಸೆನ್ಸರ್ ಕೂರಿಸಿ, ಅದಕ್ಕೆ ಹೊಂದುವ ಬೇರೆ ಮೀಟರ್ ಹಾಕಬಹುದು. ಆಗ ಪುಲ್ಲಿಯ ಗೊಡವೆಯೇ ಇಲ್ಲ, ಖರ್ಚು ಜಾಸ್ತಿ. ಬಡವರ ದಾರಿ ಅಂದರೆ 1875 ಇರೋ ಕಡೆ ಗಾಜಿನ ಮೇಲೆ ಕೆಂಪು ಬಣ್ಣದ ಚುಕ್ಕೆ ಇಡೋದು. ನಿಜವಾದ 1500ಕ್ಕೆ ಆ ಮುಳ್ಳು ಅಲ್ಲಿಗೇ ಬರೋದು. ಕೆಲಸ ನಡೆಯುತ್ತೆ, ಆದರೆ ನಾಳೆ ಬೇರೆ ಡ್ರೈವರ್ ಬಂದರೆ ಯಾವ ಗೆರೆ ನಂಬಬೇಕು?

ನಮಗೆ ಸುಲಭ ಆಯಿತು. ಕೆಟ್ಟ ಆಲ್ಟರ್ನೇಟರ್ ಇನ್ನೂ ಗುಜರಿಗೆ ಹೋಗಿರಲಿಲ್ಲ, ಕೊಟ್ಟಿಗೆ ಮೂಲೇಲಿ ಬಿದ್ದಿತ್ತು. ಅದರ 75ರ ಪುಲ್ಲಿ ಬಿಚ್ಚಿ ನೋಡಿದರೆ ಹೊಸದರ ಶಾಫ್ಟಿಗೆ ಸರಿಯಾಗಿ ಕೂತಿತು, ಬೆಲ್ಟಿನ ಗಾಡಿಯೂ ಅದೇ ಅಗಲ. ಬೆಲ್ಟ್ ಮಾತ್ರ ಒಂದು ಸೈಜ್ ದೊಡ್ಡದು ತರಬೇಕಾಯಿತು. ಆಲ್ಟರ್ನೇಟರ್ ಸ್ವಲ್ಪ ನಿಧಾನ ತಿರುಗೋದರಿಂದ ಚಾರ್ಜ್ ಕಮ್ಮಿಯಾಗುತ್ತಾ ಅಂತ ಮಲ್ಟಿಮೀಟರ್ ಹಿಡಿದು ನೋಡಿದೆವು, ಇಲ್ಲ. ಈ ಗಾಡೀಲಿ ಎರಡು ಲೈಟು, ಒಂದು ಹಾರನ್ ಬಿಟ್ಟರೆ ಕರೆಂಟ್ ತಿನ್ನೋದು ಇನ್ನೇನಿಲ್ಲ.

ವೈರಿಂಗನ್ನೂ ಬಿಚ್ಚಿ ನೋಡಿದ್ದು ಒಳ್ಳೇದಾಯಿತು. ಇಂಥ ಮೀಟರ್‌ಗೆ ಬೇಕಾದ್ದು ಮೂರೇ ತಂತಿ. ಚಾವಿ ತಿರುಗಿಸಿದಾಗ ಬರೋ ಪ್ಲಸ್, ಅರ್ತ್, ಮತ್ತು ಡಬ್ಲ್ಯೂ ಇಂದ ಬರೋ ಮಿಡಿತದ ತಂತಿ. ನಾಲ್ಕನೇದು ಒಳಗಿನ ಬಲ್ಬಿಗೆ. ಪ್ಲಸ್ ತಂತಿಗೆ ಸಣ್ಣ ಫ್ಯೂಸ್ ಇರಲೇಬೇಕು, ಇಲ್ಲಿ ಅದರ ಬದಲು ತಾಮ್ರದ ಎಳೆ ಸುತ್ತಿದ್ದರು. ಅರ್ತ್ ಬೋಲ್ಟಿನ ಕೆಳಗೆ ಪೇಂಟೂ ತುಕ್ಕೂ ಸೇರಿತ್ತು, ಮುಳ್ಳು ಆಗಾಗ ನಡುಗೋದಕ್ಕೆ ಅದೇ ಕಾರಣ. ಉಜ್ಜಿ ಬಿಗಿ ಮಾಡಿದ ಮೇಲೆ ನಿಂತಿತು. ಮಿಡಿತದ ತಂತಿ ಸೈಲೆನ್ಸರ್ ಪಕ್ಕದಲ್ಲೇ ಹಾದುಹೋಗಿ ಪ್ಲಾಸ್ಟಿಕ್ ಕರಗೋ ಹಾಗಿತ್ತು, ದೂರ ಸರಿಸಿ ಕೊಳವೆ ತೊಡಿಸಿದೆವು. ಇನ್ನೊಂದು ಮಾತು: ಎಂಜಿನ್ ಓಡ್ತಿರುವಾಗ ಬ್ಯಾಟರಿ ತಂತಿ ಕಿತ್ತು ಚಾರ್ಜಿಂಗ್ ಪರೀಕ್ಷೆ ಮಾಡೋ ಅಭ್ಯಾಸ ನಮ್ಮ ಕಡೆ ತುಂಬಾ ಇದೆ. ಆ ಕ್ಷಣಕ್ಕೆ ವೋಲ್ಟೇಜ್ ಜಿಗಿದು ಆಲ್ಟರ್ನೇಟರಿನ ಡಯೋಡೂ ಹೋಗಬಹುದು, ಮೀಟರೂ ಹೋಗಬಹುದು.

ನಿಮ್ಮ ಹೊಸ ಆಲ್ಟರ್ನೇಟರ್‌ಗೆ ಡಬ್ಲ್ಯೂ ಟರ್ಮಿನಲ್ಲೇ ಇಲ್ಲ ಅಂದರೆ ಗಾಬರಿ ಬೇಡ. ಕೆಲಸ ಬಲ್ಲ ಆಟೋ ಎಲೆಕ್ಟ್ರಿಷಿಯನ್ ಅದನ್ನು ಬಿಚ್ಚಿ, ಸುರುಳಿಯ ಒಂದು ತುದಿಗೆ ಡಯೋಡಿಗೆ ಮುಂಚೆ ತಂತಿ ಬೆಸುಗೆ ಹಾಕಿ ಹೊರಗೆ ತರ್ತಾರೆ. ಇನ್ನೂ ಹಳೇ ಗಾಡಿಗಳ ಡೈನಮೊದಲ್ಲಿ ಮಾತ್ರ ಈ ಆಟ ನಡೆಯಲ್ಲ, ಅದು ಹೊರಗೆ ಕೊಡೋದೇ ಡಿಸಿ.

ಸೋಮವಾರ ಆಫೀಸಿನಲ್ಲಿ ಈ ಕಥೆ ಹೇಳಿದಾಗ ಕರಾವಳಿಯ ಒಬ್ಬ ಸಹೋದ್ಯೋಗಿ ನಕ್ಕರು. ಅವರ ಮಾವನ ಕಡೆಯವರದು ಮಲ್ಪೆ ಕಡೆ ಪ್ರವಾಸಿ ದೋಣಿ. ಹಳೇ ಔಟ್‌ಬೋರ್ಡ್ ಮೋಟಾರ್ ತೆಗೆದು ಹೊಸದು ಹಾಕಿದಾಗ, ದೋಣಿಯ ಹಳೇ ಮೀಟರನ್ನೇ ಜೋಡಿಸಿಕೊಂಡು ಇದೇ ಪೇಚಿಗೆ ಬಿದ್ದರಂತೆ. ಅಲ್ಲಿ ಬೆಲ್ಟೂ ಇಲ್ಲ, ಪುಲ್ಲಿಯೂ ಇಲ್ಲ. ಔಟ್‌ಬೋರ್ಡ್‌ನಲ್ಲಿ ಆಯಸ್ಕಾಂತ ಫ್ಲೈವೀಲ್‌ಗೇ ಅಂಟಿರುತ್ತೆ, ಆದ್ದರಿಂದ ಪೋಲ್ ಎಣಿಕೆಯೊಂದೇ ಲೆಕ್ಕ. 12 ಪೋಲ್ ಇದ್ದರೆ ಸುತ್ತಿಗೆ 6 ಮಿಡಿತ. ದೋಣಿ ಮೀಟರ್‌ಗಳ ಬೆನ್ನಿಗೆ ಇದಕ್ಕಂತಲೇ ತಿರುಗಿಸೋ ಗುಂಡಿ ಇರುತ್ತೆ, ಆದರೆ ಕೆಲವರು ಅದರ ಮೇಲೆ ಮಿಡಿತ ಬರೀತಾರೆ, ಕೆಲವರು ಪೋಲ್ ಬರೀತಾರೆ. ಹಳೇ ಎಂಜಿನ್ ಸುತ್ತಿಗೆ 4 ಕೊಡ್ತಿತ್ತು, ಹೊಸದು 6. ಗುಂಡಿ ತಿರುಗಿಸದೆ ಬಿಟ್ಟರೆ 4000 ಇರೋದು 6000 ಅಂತ ಕಾಣುತ್ತೆ. ಎಂಜಿನ್ ಮಿತಿ ಮೀರಿತು ಅಂತ ಹೆದರಿ ಥ್ರಾಟಲ್ ಇಳಿಸೋದಷ್ಟೇ ಅಲ್ಲ, ಆ ಸುಳ್ಳು ಅಂಕಿ ನಂಬಿ ದುಬಾರಿ ಪ್ರೊಪೆಲ್ಲರನ್ನೇ ಬದಲಾಯಿಸೋ ತನಕ ಹೋಗಬಹುದು. ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಎಷ್ಟು ಸುತ್ತು ಮುಟ್ಟುತ್ತೆ ಅನ್ನೋದರ ಮೇಲೇ ಪ್ರೊಪೆಲ್ಲರ್ ಆರಿಸೋದು. ತೀರಾ ಹೊಸ ಮೋಟಾರ್‌ಗಳಲ್ಲಿ ಎಂಜಿನ್ ಸುದ್ದಿಯೆಲ್ಲ ಒಂದೇ ಡಿಜಿಟಲ್ ಕೇಬಲ್‌ನಲ್ಲಿ ಹೋಗುತ್ತೆ. ಹಳೇ ಮುಳ್ಳಿನ ಮೀಟರ್‌ಗೆ ಆ ಭಾಷೆ ಬರಲ್ಲ, ಮಿಡಿತದ ತಂತಿ ಬೇರೆ ಕೊಟ್ಟಿದ್ದಾರಾ ಅಂತ ಕೊಳ್ಳೋ ಮುಂಚೆಯೇ ಕೇಳಿಕೊಳ್ಳಬೇಕು.

ಉಲ್ಟಾ ಆಗೋ ಸಾಧ್ಯತೆ ಇನ್ನೂ ಕೆಟ್ಟದು. ಆಲ್ಟರ್ನೇಟರ್ ಪುಲ್ಲಿ ದೊಡ್ಡದಾಗಿ, 90 ಮಿಲಿಮೀಟರ್ ಇದ್ದಿದ್ದರೆ, ಮುಳ್ಳು 1500 ತೋರಿಸುವಾಗ ಎಂಜಿನ್ 1800ರಲ್ಲಿ, ಪಿಟಿಒ 650ರ ಹತ್ತಿರ ಓಡ್ತಿತ್ತು. ಗರಿ ಚೆನ್ನಾಗೇ ಪುಡಿಯಾಗ್ತಿತ್ತು, ಯಾರೂ ದೂರು ಹೇಳ್ತಿರಲಿಲ್ಲ, ಬೇರಿಂಗ್ ಒಡೆದು ಬ್ಲೇಡ್ ಹಾರೋ ದಿನದವರೆಗೆ. ನಿಧಾನ ಆಗಿದ್ದಕ್ಕೆ ಅಜ್ಜಿ ಕೇಳಿದಳು, ಅಷ್ಟರ ಮಟ್ಟಿಗೆ ಪುಣ್ಯ.

ಹೊಸ ಬೆಲ್ಟ್ ಹಾಕಿ ಮತ್ತೆ ವಿಡಿಯೊ ತೆಗೆದಾಗ 45 ಬಂತು. ಒಂದು ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಎಂಜಿನ್ ಪುಲ್ಲಿ 150, ಆಲ್ಟರ್ನೇಟರ್ ಪುಲ್ಲಿ 75, 12 ಪೋಲ್, ಸುತ್ತಿಗೆ 12 ಮಿಡಿತ ಅಂತ ಹುಡುಗ ಪರ್ಮನೆಂಟ್ ಮಾರ್ಕರ್‌ನಲ್ಲಿ ಟೂಲ್ ಬಾಕ್ಸ್ ಮುಚ್ಚಳದ ಒಳಗೆ ಬರೆದ. ಮುಂದಿನ ಸಲ ಯಾರೇ ಆಲ್ಟರ್ನೇಟರ್ ಬದಲಾಯಿಸಿದರೂ ಕಣ್ಣಿಗೆ ಬೀಳಲಿ ಅಂತ.

ಆ ಎರಡು ತಿಂಗಳ ಬಾಡಿಗೆ ಪುಸ್ತಕ ತೆಗೆಸಿ ಚಿಕ್ಕಪ್ಪ ನನ್ನ ಕೈಲೇ ಲೆಕ್ಕ ಹಾಕಿಸಿದರು. ಪ್ರತಿ ಮೂರು ಗಂಟೆಗೆ ಅರ್ಧ ಗಂಟೆ ಕಳೆದು ಯಾರ್ಯಾರಿಗೆ ಎಷ್ಟು ಬರುತ್ತೆ ಅಂತ. ಹನ್ನೊಂದು ತೋಟ. ದುಡ್ಡು ವಾಪಸ್ ಕೊಡಲಿಲ್ಲ, ಮುಂದಿನ ಸಲದ ಬಾಡಿಗೇಲಿ ಹಿಡಿದುಕೊಳ್ತೀನಿ ಅಂತ ಒಬ್ಬೊಬ್ಬರಿಗೂ ಹೇಳಿ ಬಂದರು. ಸಾಣೆ ದುಡ್ಡು ಮಾತ್ರ ಅವತ್ತೇ ಹುಡುಗನ ಜೇಬಿಗೆ ಹೋಯಿತು. ಅಜ್ಜಿ ತೋಟದ ಬಾಕಿ ರಾಶಿ ಆ ಬುಧವಾರ ಮುಗಿಸಿದರಂತೆ. ಅಜ್ಜಿ ಮನೆಯಿಂದ ಗಡಿಯಾರ ತಂದು ಬದುವಿನ ಮೇಲೆ ಇಟ್ಟುಕೊಂಡೇ ಕೂತಿದ್ದಳು ಅಂತ ಹುಡುಗ ಫೋನ್‌ನಲ್ಲಿ ಹೇಳಿದ.